ರುಜುವಿಲ್ಲದ ಕರಾರು

ತಾತ ಬರೆದುಕೊಟ್ಟ ಪತ್ರಕ್ಕೆ ಮೊಮ್ಮಗನು ಕಟ್ಟುಬೀಳಬೇಕೆ? ಮನೆತನದ ವ್ಯಾಜ್ಯಗಳಲ್ಲಿ ಏಳುವ ಈ ಪ್ರಶ್ನೆಯನ್ನು ಒಂದು ರಾಷ್ಟ್ರದ ಸಂವಿಧಾನದ ಮುಂದೆಯೇ ಇಟ್ಟವನು ಅಮೆರಿಕದ ಲೈಸಾಂಡರ್ ಸ್ಪೂನರ್.

1808ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಹುಟ್ಟಿದ ಈತ ವೃತ್ತಿಯಿಂದ ವಕೀಲ, ಸ್ವಭಾವದಿಂದ ಛಲವಾದಿ. ಅಂಚೆಯ ಏಕಸ್ವಾಮ್ಯವು ಸರ್ಕಾರಕ್ಕೆ ಸಲ್ಲದೆಂದು 1844ರಲ್ಲಿ ತಾನೇ ಒಂದು ಅಂಚೆ ಕಂಪನಿಯನ್ನು ತೆರೆದನು. ಸರ್ಕಾರದ ಮೊಕದ್ದಮೆಗಳ ಮುಂದೆ ಅದು ಬಾಳಲಿಲ್ಲ. ಆದರೆ 1845ರಲ್ಲಿ ಅಂಚೆಯ ದರವಂತೂ ಇಳಿಯಿತು. ಅದೇ ವರ್ಷ, ಗುಲಾಮಗಿರಿಯು ಸಂವಿಧಾನಕ್ಕೆ ವಿರುದ್ಧವೆಂದು ಸಾಧಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ಹೀಗೆ ಸಂವಿಧಾನವನ್ನು ಆಧಾರವಾಗಿ ಹಿಡಿದವನೇ ಮುಂದೆ ಅದರ ಬುಡವನ್ನು ಅಲುಗಿಸ ಹೊರಟನು.

1861ರಿಂದ 1865ರವರೆಗೆ ನಡೆದ ಅಂತರ್ಯುದ್ಧವೇ ಇದಕ್ಕೆ ಕಾರಣ. ಗುಲಾಮಗಿರಿ ಅಳಿಯಬೇಕೆಂಬುದು ಸ್ಪೂನರನ ಬಾಳಿನ ಹಂಬಲವೇ ಆಗಿದ್ದಿತು. ಆದರೆ ಒಲ್ಲದವರನ್ನು ಬಲದಿಂದ ಹಿಡಿದಿಡುವ ಸರ್ಕಾರವು ಪ್ರಜೆಗಳ ಸಮ್ಮತಿಯ ಸರ್ಕಾರ ಹೇಗಾದೀತೆಂದು ಆತ ಕೇಳಿದನು. 1867ರಿಂದ 1870ರವರೆಗೆ ‘ದ್ರೋಹವಲ್ಲ’ ಎಂಬರ್ಥದ ಹೆಸರಿನಲ್ಲಿ ಕಿರುಹೊತ್ತಗೆಗಳನ್ನು ಹೊರಡಿಸಿದನು.

ಆತನ ವಾದಸರಣಿ ವಕೀಲನದೇ. ಸಂವಿಧಾನವು 1787ರಲ್ಲಿ ರಚಿತವಾಯಿತು, ಒಪ್ಪಿದವರೆಲ್ಲ ಗತಿಸಿದರು. ಹುಟ್ಟದವರನ್ನು ಕಟ್ಟಿಹಾಕುವ ಹಕ್ಕು ಅವರಿಗಿರಲಿಲ್ಲ. ರುಜುವಿಲ್ಲದ ಸಾಲಪತ್ರವನ್ನು ಯಾವ ನ್ಯಾಯಾಲಯವೂ ಮಾನ್ಯಮಾಡದು. ಹಾಗಿರಲು ಈ ಪತ್ರಕ್ಕೆ ಬದುಕಿರುವವರಲ್ಲಿ ಯಾರ ರುಜುವಿದೆ? ಮತ ಹಾಕುವುದೇ ಒಪ್ಪಿಗೆಯೆಂದರೆ, ಮತ ಗುಪ್ತವಾದದ್ದು; ಯಾರು ಯಾರನ್ನು ನೇಮಿಸಿದರೆಂದು ತಿಳಿಯದು. ಕಂದಾಯ ತೆರುವುದೇ ಒಪ್ಪಿಗೆಯೆಂದರೆ, ದಾರಿಗಳ್ಳನಿಗೆ ಹಣದ ಚೀಲ ಕೊಟ್ಟವನೂ ಒಪ್ಪಿ ಕೊಟ್ಟಂತಾಯಿತು! ಆ ಕಳ್ಳನಾದರೋ ದೋಚಿದ ಮೇಲೆ ತನ್ನ ದಾರಿ ಹಿಡಿಯುತ್ತಾನೆ. ನಿನ್ನ ರಕ್ಷಕ ನಾನೆಂದು ಬೆನ್ನು ಹತ್ತುವುದಿಲ್ಲ.

ಈ ಶಂಕೆ ಸ್ಪೂನರನಿಂದಲೇ ಮೊದಲಾದುದಲ್ಲ. ಭೂಮಿಯ ಅನುಭೋಗ ಬದುಕಿರುವವರದು, ಯಾವ ಶಾಸನವೂ 19 ವರ್ಷಗಳಾಚೆ ಸಹಜವಾಗಿ ನಿಲ್ಲಲಾರದು ಎಂದು ಜೆಫರ್ಸನ್ 1789ರಲ್ಲಿಯೇ ಮ್ಯಾಡಿಸನ್ನನಿಗೆ ಕಾಗದ ಬರೆದಿದ್ದನು. ಮರುವರ್ಷ ಬಂದ ಉತ್ತರ ಮನನೀಯವಾದುದು. ಹಿರಿಯರು ಸಾಲವನ್ನಷ್ಟೇ ಅಲ್ಲ, ಸವಲತ್ತನ್ನೂ ಬಿಟ್ಟುಹೋಗುತ್ತಾರೆ. ಮೌನಸಮ್ಮತಿಯನ್ನು ಅಲ್ಲಗಳೆದರೆ ಬಹುಮತದ ನಿಯಮವೂ ನಿಲ್ಲದು, ಪ್ರತಿ ಶಾಸನಕ್ಕೂ ಪ್ರತಿಯೊಬ್ಬನನ್ನೂ ಕೇಳಬೇಕಾದೀತು ಎಂಬುದು ಮ್ಯಾಡಿಸನ್ನನ ಆಶಯ. ತಾತ ತೋಡಿಸಿದ ಬಾವಿಯ ನೀರನ್ನು ಕುಡಿದು, ತೋಡಿಸಿದ ಸಾಲ ಮಾತ್ರ ತನ್ನದಲ್ಲವೆನ್ನುವುದು ಮೊಮ್ಮಗನಿಗೆ ಒಪ್ಪುವ ಮಾತಲ್ಲ.

ಆದರೂ ಬಾವಿಯ ನೀರು ಕೆಟ್ಟರೆ ಸರಿಪಡಿಸುವ ಅಧಿಕಾರ ಮೊಮ್ಮಗನಿಗಿರಬೇಕು. ಗುಲಾಮಗಿರಿಯನ್ನು ತೊಡೆದದ್ದು 1865ರ ಹದಿಮೂರನೆಯ ತಿದ್ದುಪಡಿಯೇ. 1887ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡ ಸ್ಪೂನರನ ಮಾತಿಗೆ ಯಾವ ಸರ್ಕಾರವೂ ಉರುಳಲಿಲ್ಲ. ಆದರೆ ಪ್ರಜೆಯ ಮೌನವನ್ನು ಒಪ್ಪಿಗೆಯೆಂದೆಣಿಸುವ ಸರ್ಕಾರವು, ಅವನು ಬಾಯಿತೆರೆದು ಒಲ್ಲೆನೆಂದಾಗ ಕಿವಿಗೊಡಲೇಬೇಕೆಂಬುದನ್ನು ಆತನ ತಕರಾರು ಇಂದಿಗೂ ನೆನಪಿಗೆ ತರುತ್ತದೆ.