ಎರಿಯ ಹೊಲವೂ ಒಣ ಪಲ್ಲೆಯೂ

ಮಿತಾಹಾರದ ಮಹಿಮೆಯನ್ನು ವೈದ್ಯರ ಬಾಯಿಂದ ಕೇಳಿದ ಮೇಲೆ ಜೋಳದ ರೊಟ್ಟಿಯ ಕಡೆಗೆ ಹೊರಳುವ ನಾವು, ಆ ರೊಟ್ಟಿಯನ್ನೇ ಉಂಡು ಬಾಳಿದ ಕುಷ್ಟಗಿ ಸೀಮೆಯ ಹಿರಿಯರನ್ನು ಪಥ್ಯಶಾಸ್ತ್ರವನ್ನು ಕರತಲಾಮಲಕ ಮಾಡಿಕೊಂಡಿದ್ದ ಜ್ಞಾನಿಗಳೆಂದು ಕೊಂಡಾಡುವುದುಂಟು. ಈ ಸ್ತುತಿ ನನಗೆ ಅರ್ಧಸತ್ಯವಾಗಿಯೇ ತೋರುತ್ತದೆ. ಅವರ ಗಂಗಾಳಕ್ಕೆ ಏನು ಬೀಳಬೇಕೆಂಬುದನ್ನು ಗೊತ್ತುಮಾಡುತ್ತಿದ್ದುದು ಮಳೆ. ಮಸಾರಿಯ ಕೆಂಪು ನೆಲದಲ್ಲಿ ಮುಂಗಾರಿಗೆ ಸಜ್ಜೆ, ಹೆಸರು, ಶೇಂಗಾ. ಎರಿಯ ಕಪ್ಪು ನೆಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಅಗಸಿ. ಅಕ್ಕಿಯೋ, ಹಬ್ಬದ ದಿನ ಮಾತ್ರ ಬಂದು ಹೋಗುವ ಅತಿಥಿಯಾಗಿದ್ದಿತು.

1876ರಿಂದ 1878ರವರೆಗೆ ದಕ್ಷಿಣಾಪಥವನ್ನೆಲ್ಲ ಸುಟ್ಟ ಧಾತು, ಈಶ್ವರ ಸಂವತ್ಸರಗಳ ಬರವನ್ನು ಕಂಡ ನಾಡಿನಲ್ಲಿ ಧಾನ್ಯದ ಮೇಲಣ ಭಕ್ತಿ ಭಯದಿಂದ ಹುಟ್ಟಿದ್ದರೆ ಆಶ್ಚರ್ಯವೇನು? ನೆಲದೊಳಗೆ ಆಳವಾಗಿ ತೋಡಿ, ಒಳಮೈಗೆ ಹುಲ್ಲನ್ನಿಟ್ಟು, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ಹಗೇವುಗಳು ಆ ಭಯದ ಶಿಲ್ಪಗಳು. ಹಗೇವನ್ನು ತೆರೆದೊಡನೆ ಯಾರೂ ಇಳಿಯುವಂತಿರಲಿಲ್ಲ. ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಮೊದಲು ಇಳಿಬಿಟ್ಟು, ಅದು ಆರಿದರೆ ಒಳಗಿನ ವಿಷವಾಯು ಹೋಗುವ ತನಕ ಕಾಯಬೇಕಾಗಿದ್ದಿತು.

ಹಾಗೆಂದು ಎಲ್ಲವೂ ಅಭಾವದ ಫಲವೆಂದರೆ ಅಡುಗೆಮನೆಯ ವಿವೇಕಕ್ಕೆ ಅನ್ಯಾಯ ಮಾಡಿದಂತಾದೀತು. ಚಳಿ ಬಿದ್ದೊಡನೆ ಹೆಣ್ಣುಮಕ್ಕಳು ಕಡಲೆಯ ಹೊಲಕ್ಕಿಳಿದು ಎಳೆಗುಡಿಗಳನ್ನು ಉಗುರಿನಿಂದ ಚಿವುಟಿ ಉಡಿಯಲ್ಲಿ ತುಂಬಿಕೊಳ್ಳುವರು. ಚಿವುಟಿದಷ್ಟೂ ಗಿಡ ಕವಲೊಡೆದು ಕಾಯಿ ಹೆಚ್ಚುವುದರಿಂದ ಹೊಲದವನಿಗೂ ಅದು ಸಮ್ಮತ. ಎಲೆಯ ಮೇಲೆ ಒಸರುವ ಹುಳಿ ಬೆರಳ ತುದಿಯನ್ನು ಉರಿಸುತ್ತದೆ, ಉಟ್ಟ ಸೀರೆಯ ಅಂಚನ್ನೂ ಕೆಡಿಸುತ್ತದೆ. ಆ ಹುಳಿಯೇ ರುಚಿಯಾದ ಕಾರಣ ಕಡ್ಲಿ ಪಲ್ಲೆಯನ್ನು ತೊಳೆಯಕೂಡದೆಂಬುದು ಅತ್ತೆಯಿಂದ ಸೊಸೆಗೆ ಬಂದ ವಿಧಿ; ತೊಳೆಯದೆ ನೆರಳಲ್ಲಿ ಒಣಗಿಸಿ ಅರಿವೆಯ ಗಂಟಿನಲ್ಲಿ ಕಟ್ಟಿಟ್ಟರೆ, ಹಸಿರೆಂಬುದೇ ಕಾಣದ ವೈಶಾಖದಲ್ಲಿ ಜೋಳದ ನುಚ್ಚಿನೊಡನೆ ಬೆಂದು ಚಳಿಗಾಲದ ಹೊಲವನ್ನೇ ಬಾಯಿಗೆ ತರುತ್ತದೆ. ಹಕ್ಕರಕಿ, ಮೂಲಂಗಿ, ಮೆಂತ್ಯಗಳನ್ನಂತೂ ರೊಟ್ಟಿಯ ಜೊತೆಗೆ ಹಸಿಯಾಗಿಯೇ ಕಡಿದು ಮುಗಿಸುವುದು ವಾಡಿಕೆ.

ಸೀಗೆ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಮೊದಲ ತುತ್ತನ್ನು ಚರಗವೆಂದು ಬೆಳೆಗೇ ಚೆಲ್ಲಿ ಆಮೇಲೆ ತಾವುಣ್ಣುವವರನ್ನು ನೋಡಿದವರಿಗೆ, ಉಣ್ಣುವಾಗ ಲಕ್ಷ್ಯವಿಟ್ಟು ಉಣ್ಣಬೇಕೆಂದು ಬೇರೆ ಉಪದೇಶ ಬೇಡ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿದು ನೆರೆಯ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿಯ ಬಹುಭಾಗ ಮುಗಿಲನ್ನೇ ನೋಡುತ್ತ ಉಳಿಯಿತು. ಕಾಲುವೆ ಬಾರದ ಊರಿಗೂ ಅನ್ನ ಮಾತ್ರ ಪಡಿತರದ ಚೀಲದಲ್ಲಿ ಬಂದಿತು, ಹಗೇವುಗಳ ಬಾಯಿಗೆ ಮಣ್ಣು ಬಿದ್ದಿತು. ಆದರೂ ಚಳಿಗಾಲದ ಸಂತೆಯಲ್ಲಿ ಕಡ್ಲಿ ಪಲ್ಲೆ ಕೊಳ್ಳುವ ಮುದುಕಿ ಮೊದಲು ಒಂದು ಕುಡಿಯನ್ನು ನಾಲಗೆಗೆ ತಾಗಿಸಿ ನೋಡುತ್ತಾಳೆ. ಅಕಾಲದ ಮಳೆಗೆ ಹುಳಿ ತೊಳೆದುಹೋಗಿದ್ದರೆ, ಏನೂ ಆಡದೆ ಅದನ್ನು ಬುಟ್ಟಿಗೆ ಮರಳಿ ಹಾಕಿ ಮುಂದೆ ನಡೆಯುತ್ತಾಳೆ.