ತೋಪು, ಡೇರಿ, ಗೂಡಿನ ಮಾರ್ಕೆಟ್ಟು

ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟ ಕೂಡಲೇ ವ್ಯಾಪಾರಿಗಳು ತೋಪು ನೋಡೋಕೆ ಬರ್ತಾರೆ. ಮರದಲ್ಲಿ ಇನ್ನೂ ಒಂದು ಪಿಂದೆ ಕೂಡ ಇರೋದಿಲ್ಲ. ಸಾಲು ಸಾಲಾಗಿ ಓಡಾಡಿ, ಹೂವಿನ ಅಳತೆಯಲ್ಲೇ ಬೆಳೆ ಅಂದಾಜು ಮಾಡಿ, ಇಡೀ ತೋಪಿಗೆ ಒಂದು ರೇಟು ಹೇಳ್ತಾರೆ. ಒಪ್ಪಿದರೆ ಅಡ್ವಾನ್ಸು ಕೈಗೆ. ಅಲ್ಲಿಂದ ಮುಂದೆ ಆಲಿಕಲ್ಲು ಬಿದ್ದರೂ, ಬೂದಿರೋಗ ಬಂದರೂ ನಷ್ಟ ಅವರದು. ಬಂಪರ್ ಬೆಳೆ ಬಂದರೆ ಲಾಭವೂ ಅವರದೇ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಬೆಲೆ ಕಟ್ಟೋಕೆ ಇನ್ನೂ ಎರಡು ದಾರಿ ಇವೆ. ಒಂದು ಹಾಲಿನ ಡೇರಿ. ಮುಳಬಾಗಿಲಿನ ಹಳ್ಳಿಯಲ್ಲಿ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಚೌಕಾಸಿ ಮಾಡೋ ಹಾಗಿಲ್ಲ. ಫ್ಯಾಟು ಎಷ್ಟು, ಡಿಗ್ರಿ ಎಷ್ಟು ನೋಡ್ತಾರೆ, ಒಕ್ಕೂಟ ಗೊತ್ತು ಮಾಡಿದ ದರ ಕೊಡ್ತಾರೆ. ಇನ್ನೊಂದು ರೇಷ್ಮೆಗೂಡಿನ ಮಾರ್ಕೆಟ್ಟು. ಅಲ್ಲಿ ಹರಾಜು. ರೀಲರ್‌ಗಳು ಪೈಪೋಟಿ ಮೇಲೆ ಕೂಗ್ತಾರೆ, ರೇಟು ಇಷ್ಟವಾಗದಿದ್ದರೆ ರೈತ ಬೇಡ ಅನ್ನಬಹುದು. ಆದರೆ ತುಂಬಾ ದಿನ ಬೇಡ ಅಂತ ಕೂರೋ ಹಾಗಿಲ್ಲ. ಕಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತೆ.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ಆಟಗಾರರಿಗೆ ಬೆಲೆ ಕಟ್ಟಿದ ಇತಿಹಾಸವೂ ಈ ಮೂರು ಕೌಂಟರ್‌ಗಳ ನಡುವೆಯೇ ಓಡಾಡಿದೆ. ಅಮೆರಿಕದಲ್ಲಿ ಈ ಕಥೆ ಬ್ಯಾಸ್ಕೆಟ್‌ಬಾಲಿನದು. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗುಗಳು ಬಂದವು, ಅದರಲ್ಲಿ ಬೆಂಗಳೂರು ಹೆಸರಿನ ತಂಡವೂ ಇತ್ತು. ಆದರೆ ನಿಜವಾದ ದುಡ್ಡು ಓಡಾಡಿದ್ದು ಕ್ರಿಕೆಟ್ಟಿನಲ್ಲೇ. ಹಾಗಾಗಿ ಚಿನ್ನಸ್ವಾಮಿ ಸ್ಟೇಡಿಯಮ್ಮಿನಿಂದಲೇ ಶುರು ಮಾಡೋಣ.

2008ರ ಜನವರಿಯಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್‌ಗೆ ಬೆಂಗಳೂರು ತಂಡ ಕೊಂಡರು. ಫೆಬ್ರುವರಿಯಲ್ಲಿ ಆಟಗಾರರ ಹರಾಜು. ಒಂದೊಂದು ತಂಡದ ಕೈಯಲ್ಲಿ 50 ಲಕ್ಷ ಡಾಲರ್. ನಮ್ಮ ರಾಹುಲ್ ದ್ರಾವಿಡ್ ಹರಾಜಿಗೇ ಬರಲಿಲ್ಲ, ಅವರು 'ಐಕಾನ್'. ತಂಡದಲ್ಲಿ ಅತಿ ಹೆಚ್ಚು ಬೆಲೆ ಪಡೆದವರಿಗಿಂತ 15 ಪರ್ಸೆಂಟ್ ಜಾಸ್ತಿ ಅಂತ ಅವರಿಗೆ ನಿಯಮ. ಜಾಕ್ ಕಾಲಿಸ್ 9 ಲಕ್ಷ ಡಾಲರ್‌ಗೆ ಬಂದರು, ದ್ರಾವಿಡ್‌ಗೆ 10.35 ಲಕ್ಷ ಆಯಿತು.

ಇದಿಷ್ಟು ಎಲ್ಲರಿಗೂ ನೆನಪಿರುತ್ತೆ. ಮರೆತುಹೋಗಿರೋದು ಮಾರ್ಚ್‌ನಲ್ಲಿ ನಡೆದದ್ದು. ಆ ತಿಂಗಳ ಮೊದಲ ವಾರ ಮಲೇಷ್ಯಾದಲ್ಲಿ ಭಾರತದ 19ರೊಳಗಿನ ಹುಡುಗರು ವಿಶ್ವಕಪ್ ಗೆದ್ದಿದ್ದರು. ಅವರನ್ನು ಹರಾಜಿಗೆ ಹಾಕಲಿಲ್ಲ. ಅಮೆರಿಕದ ಎನ್‌ಬಿಎಯಲ್ಲಿ ನಡೆಯೋ ಹಾಗೆ 'ಡ್ರಾಫ್ಟ್' ಮಾಡಿದರು. ಅಂದರೆ ತಂಡಗಳು ಸರದಿ ಪ್ರಕಾರ ಹುಡುಗರನ್ನು ಆರಿಸಿಕೊಳ್ಳೋದು. ಬೆಲೆ ಮೊದಲೇ ನಿಗದಿ, ಪೈಪೋಟಿ ಇಲ್ಲ. ಡೆಲ್ಲಿ ತಂಡ ತನ್ನ ಸರದಿಯಲ್ಲಿ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ತಗೊಂಡಿತು. ಅದೇ ಊರಿನ ಇನ್ನೊಬ್ಬ ಹುಡುಗ, ಆ ವಿಶ್ವಕಪ್ ತಂಡದ ಕ್ಯಾಪ್ಟನ್, ಬೆಂಗಳೂರಿನ ಪಾಲಾದ. 30 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ 12 ಲಕ್ಷ ರೂಪಾಯಿ. ಹೆಸರು ವಿರಾಟ್ ಕೊಹ್ಲಿ.

ಹೂವಿನಲ್ಲೇ ಕೊಂಡ ತೋಪು ಅಂದರೆ ಇದು. ಮೂರು ವರ್ಷ ಅದೇ ಗುತ್ತಿಗೆ. 2011ರ ಹರಾಜಿಗೆ ಮುಂಚೆ ಬೆಂಗಳೂರು ಉಳಿಸಿಕೊಂಡದ್ದು ಅವರೊಬ್ಬರನ್ನೇ. ಅದಕ್ಕಾಗಿ ತಂಡದ 90 ಲಕ್ಷ ಡಾಲರ್ ಪರ್ಸ್‌ನಿಂದ 18 ಲಕ್ಷ ಡಾಲರ್ ಕಳೆದರು. 30 ಸಾವಿರದಿಂದ 18 ಲಕ್ಷಕ್ಕೆ. ಮರ ಅದೇ, ಕಾಯಿ ಕಂಡ ಮೇಲಿನ ರೇಟು ಬೇರೆ.

ಈಗ ಡೇರಿ ಕೌಂಟರ್‌ಗೆ ಬರೋಣ. 2009ರ ಮೇ 21, ದಕ್ಷಿಣ ಆಫ್ರಿಕಾದ ಸೆಂಚುರಿಯನ್. ಬೆಂಗಳೂರು ಪರ ಇನಿಂಗ್ಸ್ ಶುರು ಮಾಡಿದ 19 ವರ್ಷದ ಮನೀಶ್ ಪಾಂಡೆ 73 ಬಾಲ್‌ಗೆ ಔಟಾಗದೆ 114 ಹೊಡೆದರು. ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಸೆಂಚುರಿ. ಒಂದೇ ಸಂಜೆಯಲ್ಲಿ ಕರ್ನಾಟಕದ ಮನೆಮನೆಗೂ ಗೊತ್ತಾದ ಹುಡುಗ.

ಆದರೆ 2011ರ ದೊಡ್ಡ ಹರಾಜಿನಲ್ಲಿ ಅವರ ಹೆಸರೇ ಇರಲಿಲ್ಲ. ಭಾರತ ತಂಡಕ್ಕೆ ಇನ್ನೂ ಆಡದ ದೇಶಿ ಆಟಗಾರರು ಹರಾಜಿಗೆ ಬರೋ ಹಾಗಿಲ್ಲ ಅಂತ ನಿಯಮ. ಅವರಿಗೆ ಸ್ಲ್ಯಾಬ್ ರೇಟು: 10 ಲಕ್ಷ, 20 ಲಕ್ಷ, ಹೆಚ್ಚೆಂದರೆ 30 ಲಕ್ಷ. ಯಾವ ಸ್ಲ್ಯಾಬ್ ಅನ್ನೋದು ಆಟದ ಮೇಲಲ್ಲ, ಆಡೋಕೆ ಶುರು ಮಾಡಿ ಎಷ್ಟು ವರ್ಷ ಆಯಿತು ಅನ್ನೋದರ ಮೇಲೆ. ಡೇರಿಯಲ್ಲಾದರೂ ಫ್ಯಾಟು ನೋಡ್ತಾರೆ, ಇಲ್ಲಿ ಹಸು ವಯಸ್ಸು ನೋಡ್ತಿದ್ದರು! ಅದೇ ಹರಾಜಿನಲ್ಲಿ, ಕೊಹ್ಲಿ ಜೊತೆ 19ರೊಳಗಿನ ವಿಶ್ವಕಪ್ ಗೆದ್ದ ರವೀಂದ್ರ ಜಡೇಜ 9.5 ಲಕ್ಷ ಡಾಲರ್‌ಗೆ, ಅಂದರೆ ಸುಮಾರು 4.3 ಕೋಟಿ ರೂಪಾಯಿಗೆ, ಕೊಚ್ಚಿ ತಂಡಕ್ಕೆ ಹೋದರು. ಅವರಿಗೆ ಇಂಡಿಯಾ ಕ್ಯಾಪ್ ಸಿಕ್ಕಿತ್ತು, ಪಾಂಡೆಗೆ ಸಿಕ್ಕಿರಲಿಲ್ಲ. ಅಷ್ಟೇ ವ್ಯತ್ಯಾಸ.

ಇಂಥ ನಿಯಮ ಇದ್ದಲ್ಲಿ ಹಿಂಬಾಗಿಲಿನ ಮಾತು ಹುಟ್ಟಿಕೊಳ್ಳುತ್ತೆ. ಹಿಂದಿನ ವರ್ಷ, ಒಪ್ಪಂದ ನವೀಕರಿಸದೆ ಬೇರೆ ತಂಡದ ಜೊತೆ ಮಾತಾಡಿದರು ಅನ್ನೋ ಆರೋಪದ ಮೇಲೆ ಇದೇ ಜಡೇಜ ಇಡೀ ಸೀಸನ್ ಕಳಕೊಂಡಿದ್ದರು. 2011ರಲ್ಲಿ ಆಟಗಾರರ ನಿಯಮ ಮೀರಿದರು ಅಂತ ಪಾಂಡೆಗೆ 4 ಪಂದ್ಯಗಳ ನಿಷೇಧ ಬಿತ್ತು. ನಿಯಮ ನಿಯಮವೇ, ಒಪ್ಪೋಣ. ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಇಪ್ಪತ್ತರ ಆಸುಪಾಸಿನ ಹುಡುಗ 'ನನಗೆ ಇನ್ನೊಬ್ಬರು ಎಷ್ಟು ಕೊಡ್ತಾರೆ?' ಅಂತ ಕೇಳೋದೇ ತಪ್ಪು ಅನ್ನೋ ಹಾಗೆ ನಿಯಮ ಬರೆದವರು ಯಾರು, ಯಾಕೆ?

ಯಾಕೆ ಅನ್ನೋದಕ್ಕೆ ಲೆಕ್ಕ ಸಿಂಪಲ್. ಪರ್ಸ್‌ಗೆ ಮಿತಿ ಇದೆ. ಹುಡುಗರ ಮೇಲೆ ಉಳಿಸಿದ ಪ್ರತಿ ರೂಪಾಯಿಯೂ ದೊಡ್ಡ ಹೆಸರಿನ ಮೇಲೆ ಸುರಿಯೋಕೆ ಸಿಗುತ್ತೆ. ಎನ್‌ಬಿಎ ಇದನ್ನು ಮೊದಲೇ ಕಂಡಿತ್ತು. 1984-85ರ ಸೀಸನ್‌ಗೆ ಅಲ್ಲಿ ಸಂಬಳದ ಮಿತಿ ಬಂತು, ತಂಡಕ್ಕೆ 36 ಲಕ್ಷ ಡಾಲರ್. 1994ರಲ್ಲಿ ಡ್ರಾಫ್ಟಿನ ಮೊದಲ ಆಯ್ಕೆಯಾದ ಗ್ಲೆನ್ ರಾಬಿನ್‌ಸನ್ ಹಠ ಹಿಡಿದು 10 ವರ್ಷಕ್ಕೆ 6.8 ಕೋಟಿ ಡಾಲರ್ ಬರೆಸಿಕೊಂಡರು. ಮಾಲೀಕರು ಬೆಚ್ಚಿದರು. ಮರುವರ್ಷವೇ ಹೊಸಬರಿಗೆ ದರಪಟ್ಟಿ ಬಂತು, ಇಷ್ಟನೇ ಆಯ್ಕೆಗೆ ಇಷ್ಟೇ ಸಂಬಳ ಅಂತ. ವಿಚಿತ್ರ ಏನೆಂದರೆ, ಹಳೆಯ ಆಟಗಾರರಿಗೂ ಅದು ಬೇಕಾಗಿತ್ತು. ಹೊಸ ಹುಡುಗನಿಗೆ ಕಡಿಮೆಯಾದರೆ ಅವರ ಪಾಲು ಹೆಚ್ಚುತ್ತೆ. ಮಾತುಕತೆಯ ಮೇಜಿನಲ್ಲಿ ಇಲ್ಲದವನು ಯಾರು? ಇನ್ನೂ ಆಡದೇ ಇದ್ದ ಹುಡುಗ.

ನಮ್ಮಲ್ಲಿ ಬಾಗಿಲು ತೆರೆದದ್ದು 2014ರಲ್ಲಿ. ಭಾರತಕ್ಕೆ ಆಡದವರೂ ಹರಾಜಿಗೆ ಬಂದರು, ಅದೂ ಬೆಂಗಳೂರಲ್ಲೇ ನಡೆದ ಹರಾಜು. ಕೋಲ್ಕತ್ತಾ 1.7 ಕೋಟಿಗೆ ಪಾಂಡೆಯನ್ನು ಕೊಂಡಿತು. ಜೂನ್ 1ರಂದು ಚಿನ್ನಸ್ವಾಮಿಯಲ್ಲಿ ಫೈನಲ್. ಪಂಜಾಬ್ ವಿರುದ್ಧ 200 ಬೆನ್ನಟ್ಟುವಾಗ ಅವರು 50 ಬಾಲ್‌ಗೆ 94 ಹೊಡೆದು ಕಪ್ ಕೊಡಿಸಿದರು. ತಮ್ಮದೇ ಊರ ಮೈದಾನ, ಮೈಮೇಲೆ ಬೇರೆ ಊರಿನ ಜರ್ಸಿ. 2018ರಲ್ಲಿ ಹೈದರಾಬಾದ್ ಅವರಿಗೆ ಕೊಟ್ಟದ್ದು 11 ಕೋಟಿ.

ಕೊಳ್ಳುವವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯ. 2015ರಲ್ಲಿ ಕೊಡಗಿನ ಕೆ.ಸಿ. ಕಾರಿಯಪ್ಪ ಅವರ ಮೂಲಬೆಲೆ 10 ಲಕ್ಷ. ಕರ್ನಾಟಕದ ಹಿರಿಯರ ತಂಡಕ್ಕೂ ಆಡಿರಲಿಲ್ಲ. ಕೆಪಿಎಲ್‌ನಲ್ಲಿ ಕಂಡ ಸ್ಪಿನ್ ನೋಡಿ ಕೋಲ್ಕತ್ತಾ 2.4 ಕೋಟಿ ಕೂಗಿತು. ಆ ಸೀಸನ್ನಲ್ಲಿ ಅವರು ಆಡಿದ್ದು ಒಂದೇ ಪಂದ್ಯ, ಕೆಡವಿದ್ದು ಎಬಿ ಡಿವಿಲಿಯರ್ಸ್ ವಿಕೆಟ್! ಮರುವರ್ಷ ಪಂಜಾಬ್‌ಗೆ 80 ಲಕ್ಷ. ಹೂವು ನೋಡಿ ಕೊಂಡವರಿಗೆ ಕೆಲವು ವರ್ಷ ಹೀಗೂ ಆಗುತ್ತೆ.

ಇನ್ನು ಟ್ರೇಡ್. 2009ರಲ್ಲೇ ಬೆಂಗಳೂರು ಜಹೀರ್ ಖಾನ್‌ರನ್ನು ಮುಂಬೈಗೆ ಕೊಟ್ಟು ನಮ್ಮ ರಾಬಿನ್ ಉತ್ತಪ್ಪರನ್ನು ತಂದಿತು. ಆಟದ ಲೆಕ್ಕಕ್ಕಿಂತ ದುಡ್ಡಿನ ಲೆಕ್ಕ ಮೇಲಾದರೆ ಟ್ರೇಡ್ ಹೇಗಿರುತ್ತೆ ಅನ್ನೋದಕ್ಕೆ ಅಮೆರಿಕದ 1976 ನೋಡಬೇಕು. ಎಬಿಎ ಅನ್ನೋ ಲೀಗಿನ ನಾಲ್ಕು ತಂಡಗಳು ಎನ್‌ಬಿಎಗೆ ಸೇರಿದವು. ನ್ಯೂಯಾರ್ಕ್ ನೆಟ್ಸ್ ಪ್ರವೇಶಕ್ಕೆ 32 ಲಕ್ಷ ಡಾಲರ್ ಕಟ್ಟಬೇಕು, ಮೇಲಿಂದ ಅದೇ ಊರಿನ ನಿಕ್ಸ್ ತಂಡಕ್ಕೆ 48 ಲಕ್ಷ ಪರಿಹಾರ. ಕೈ ಖಾಲಿ. ಆಗಷ್ಟೇ ಕಪ್ ಗೆಲ್ಲಿಸಿದ್ದ 26ರ ಜೂಲಿಯಸ್ ಅರ್ವಿಂಗ್ ಅವರನ್ನು ಫಿಲಡೆಲ್ಫಿಯಾಗೆ 30 ಲಕ್ಷಕ್ಕೆ ಮಾರಿದರು. ದೊಡ್ಡ ಲೀಗಿಗೆ ಟಿಕೆಟ್ ತಗೊಳ್ಳೋಕೆ ಆ ಲೀಗಿನಲ್ಲಿ ಆಡಬೇಕಾದವನನ್ನೇ ಮಾರಿದ ಹಾಗಾಯಿತು.

2023ರ ನವೆಂಬರ್‌ನಲ್ಲಿ ನಾವೂ ಅದರ ಸಣ್ಣ ರೂಪ ನೋಡಿದೆವು. ಗುಜರಾತ್‌ನಿಂದ ಹಾರ್ದಿಕ್ ಪಾಂಡ್ಯರನ್ನು ತರೋಕೆ ಮುಂಬೈ ಪರ್ಸ್‌ನಲ್ಲಿ ಜಾಗ ಬೇಕಿತ್ತು. ಕ್ಯಾಮರೂನ್ ಗ್ರೀನ್ 17.5 ಕೋಟಿಗೆ ಪೂರ್ತಿ ನಗದಿನಲ್ಲಿ ಬೆಂಗಳೂರಿಗೆ ಬಂದರು. ಒಂದು ವ್ಯತ್ಯಾಸ ಗಮನಿಸಿ: ಐಪಿಎಲ್‌ನಲ್ಲಿ ಟ್ರೇಡ್ ಆಗಬೇಕಾದರೆ ಆಟಗಾರ ಒಪ್ಪಬೇಕು. ಎನ್‌ಬಿಎಯಲ್ಲಿ ಬಹುಪಾಲು ಆಟಗಾರರನ್ನು ಯಾರೂ ಕೇಳೋದಿಲ್ಲ. ಆದರೆ ನಮ್ಮ ಹರಾಜಿನಲ್ಲಿ ಆ ಹಕ್ಕಿಲ್ಲ. ಯಾರು ಕೂಗಿದರೋ ಅವರಿಗೇ ಹೋಗಬೇಕು. ಸಕಾರಣ ಇಲ್ಲದೆ ಹಿಂದೆ ಸರಿದರೆ ಎರಡು ಸೀಸನ್ ನಿಷೇಧ ಅಂತ ಈಗಿನ ನಿಯಮ. ಕೋಲಾರದ ಗೂಡು ಬೆಳೆಯೋ ರೈತನಿಗೆ ಇರೋ 'ಬೇಡ' ಅನ್ನೋ ಮಾತು ಕೋಟಿ ಬಾಳೋ ಆಟಗಾರನಿಗಿಲ್ಲ.

ಚಿಟ್ಟೆ ಮಾತ್ರ ಇಬ್ಬರಿಗೂ ಒಂದೇ. 11 ಕೋಟಿಯ ಪಾಂಡೆ 2025ರ ಸೀಸನ್‌ಗೆ ಕೋಲ್ಕತ್ತಾಗೇ ವಾಪಸ್ ಬಂದದ್ದು 75 ಲಕ್ಷಕ್ಕೆ. ಆಟಗಾರನಿಗೆ ಒಳ್ಳೆ ರೇಟು ಸಿಗೋ ವರ್ಷಗಳು ಎಣಿಸಿದಷ್ಟೇ. ಅದರಲ್ಲಿ ಮೊದಲಿನವು ಹೂವಿನ ರೇಟಿಗೋ ಸ್ಲ್ಯಾಬ್ ರೇಟಿಗೋ ಹೋದರೆ, ಆಮೇಲೆ ಅವನ್ನು ಯಾರೂ ವಾಪಸ್ ಕೊಡೋದಿಲ್ಲ.

ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯೋ ನಮ್ಮ ಹುಡುಗರ ಬ್ಯಾಗಿನಲ್ಲೂ ಒಂದು ಆಫರ್ ಲೆಟರ್ ಇರುತ್ತೆ. ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಒಂದೇ ಪ್ಯಾಕೇಜು, ಎರಡು ವರ್ಷದ ಬಾಂಡು, ಮೂರು ತಿಂಗಳ ನೋಟಿಸು. ಓದದೆ ಸೈನ್ ಹಾಕಿರ್ತೀವಿ. ಶ್ರೀನಿವಾಸಪುರದ ತೋಪಿನ ಯಜಮಾನ ಹಾಗೆ ಮಾಡೋದಿಲ್ಲ. ಅಡ್ವಾನ್ಸ್ ಮುಟ್ಟೋಕೆ ಮುಂಚೆ ಒಂದು ಮಾತು ಕೇಳೇ ಕೇಳ್ತಾನೆ: 'ಇದು ಈ ಒಂದು ಫಸಲಿಗೆ ತಾನೇ?'