ಜಾವಾ-ಯೆಜ್ಡಿ ಬಿಡಿಭಾಗಗಳ ದಾಸ್ತಾನು: ಗಡಿನಾಡಿನಿಂದ ಒಂದು ನೋಟ

  ಕನ್ನಡ ಸಾಹಿತ್ಯ ಓದುವವರಿಗೆ ಪಿಸ್ಟನ್ನು, ಕ್ಲಚ್ ಪ್ಲೇಟುಗಳ ಜೊತೆ ಏನು ಕೆಲಸ ಅಂತ ಕೆಲವರಿಗೆ ಅನ್ನಿಸಬಹುದು. ನನ್ನ ಉತ್ತರ ಸರಳವಾದದ್ದು. ನಾಳೆ ಸಿಗದೇ ಹೋಗಬಹುದು ಅನ್ನೋ ಭಯದಿಂದ ಇವತ್ತೇ ಕೂಡಿಡುವುದು ಸರಿಯೋ ತಪ್ಪೋ ಎಂಬುದು ನಮ್ಮ ಸಾಹಿತ್ಯದ ಹಳೆಯ ಪ್ರಶ್ನೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ವಾಪಸ್ ಸುರಿದು ಬಾ ಅಂತ ಲಕ್ಕಮ್ಮ ಹೇಳಿದಳು ಅನ್ನೋ ಕಥೆ ನಮಗೆಲ್ಲ ಗೊತ್ತು. ಇದರ ಎದುರಿಗೆ ನಮ್ಮ ಬಯಲುಸೀಮೆಯ ಹಗೇವುಗಳಿವೆ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಕಂಡ ಸೀಮೆಯಲ್ಲಿ, ನೆಲದೊಳಗೆ ಜೋಳ ತುಂಬಿಡುವುದನ್ನು ದುರಾಸೆ ಅಂತ ಯಾರೂ ಕರೆಯಲಿಲ್ಲ. ಈ ಎರಡು ನಿಲುವುಗಳ ನಡುವೆ ಇಟ್ಟು ನೋಡಲು ನಾನು ಆರಿಸಿಕೊಂಡ ವಸ್ತು ಮೈಸೂರಿನ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳ ಬಿಡಿಭಾಗ.

ಮೊದಲು ಸ್ಥಳದ ವಿಷಯ ಹೇಳಬೇಕು. ಓಬಳಾಪುರ, ರಾಯದುರ್ಗದ ಕಡೆಯವರಿಗೆ ಸಾಮಾನು ಅಂದರೆ ಬಳ್ಳಾರಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಆದರೆ ನಕ್ಷೆ ಬದಲಾದ ಮಾತ್ರಕ್ಕೆ ದೂರ ಬದಲಾಗಲ್ಲವಲ್ಲ. ಓಬಳಾಪುರಕ್ಕೆ ಇವತ್ತಿಗೂ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಅಂದರೆ ದಿನನಿತ್ಯದ ಒಂದು ಬ್ರೇಕ್ ಕೇಬಲ್ ಕೂಡ ರಾಜ್ಯದ ಗಡಿ ದಾಟಿ ಬರಬೇಕು. ಹೀಗಾಗಿ 'ವ್ಯಾಪಾರ ನಿಂತು ಹೋದರೆ?' ಎಂಬ ಪ್ರಶ್ನೆ ಇಲ್ಲಿ ಅರ್ಥಶಾಸ್ತ್ರದ ಪಾಠವಲ್ಲ, ದಿನದ ಲೆಕ್ಕಾಚಾರ.

ಈಗ ಗಾಡಿಯ ಕಥೆಗೆ ಬರೋಣ. ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರು ಮತ್ತು ವಾಂಡರರ್ ಎಂಬ ಕಂಪನಿಯ ಹೆಸರು, ಈ ಎರಡರ ಮೊದಲಕ್ಷರಗಳು ಸೇರಿ ಆದ ಪದ ಅದು. ಸ್ವಾತಂತ್ರ್ಯದ ನಂತರ ಮುಂಬಯಿಯ ಇರಾನಿ ಕುಟುಂಬದ ಉದ್ಯಮಿಗಳು ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. 1950ರ ದಶಕದಲ್ಲಿ ವಿದೇಶಿ ವಿನಿಮಯದ ಕೊರತೆ ಬಂತು, ಸರ್ಕಾರ ಪೂರ್ತಿ ಜೋಡಿಸಿದ ವಾಹನಗಳ ಆಮದಿಗೆ ಕಡಿವಾಣ ಹಾಕಿತು. ಆ ಕಾಲದಲ್ಲಿ ಆಮದು ಪರವಾನಗಿಯ ನೀತಿ ಆಗಾಗ ಬದಲಾಗುತ್ತಿತ್ತು. ಹೊಸ ನೀತಿಯಲ್ಲಿ ಏನು ಇರುತ್ತೋ ಏನು ಇರಲ್ವೋ ಅಂತ ವ್ಯಾಪಾರಿ ಕಾಯಬೇಕಿತ್ತು. ಇಂಥ ವ್ಯವಸ್ಥೆಯಲ್ಲಿ ದಾಸ್ತಾನು ಮಾಡೋದು ಬರೀ ಲಾಭದ ಆಸೆಯಲ್ಲ, ಅಂಗಡಿ ಉಳಿಸಿಕೊಳ್ಳುವ ದಾರಿಯೂ ಹೌದು.

ಆಮದಿಗೆ ತಡೆ ಬಂದದ್ದರ ಫಲವಾಗಿಯೇ ಮೈಸೂರಿನಲ್ಲಿ ಕಾರ್ಖಾನೆ ಬಂತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಉತ್ಪಾದನೆ ಶುರುಮಾಡಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದಕ್ಕೆ ಬೆಂಬಲವಾಗಿದ್ದರು. 1970ರ ದಶಕದ ಮೊದಲ ಭಾಗದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಬಂತು. ಎರಡು ಸೈಲೆನ್ಸರ್, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಟೂ-ಸ್ಟ್ರೋಕ್ ಎಂಜಿನ್, ಕಿಕ್ ಹೊಡೆಯೋದಕ್ಕೂ ಗೇರ್ ಹಾಕೋದಕ್ಕೂ ಒಂದೇ ಲಿವರ್. ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಎಲ್ಲಾ ಹೊತ್ತ ಗಾಡಿ ಇದು.

1984-85ರ ಹೊತ್ತಿಗೆ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೊಂಡಾ ಸಿಡಿ 100 ಮೈಲೇಜಿನ ಲೆಕ್ಕವನ್ನೇ ಬದಲಿಸಿತು. ಜೊತೆಗೆ ಕಾರ್ಮಿಕ ವಿವಾದ, ಮಾಲಿನ್ಯದ ಹೊಸ ನಿಯಮಗಳು ಸೇರಿಕೊಂಡವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನಾವು ಚರಿತ್ರೆ ಬರೆಯುವಾಗ ಸಾಮಾನ್ಯವಾಗಿ ಇಲ್ಲಿಗೆ ಪೂರ್ಣವಿರಾಮ ಹಾಕಿಬಿಡ್ತೀವಿ. ಆದರೆ ಕಾರ್ಖಾನೆ ನಿಂತ ದಿನ ರಸ್ತೆಯ ಮೇಲಿದ್ದ ಗಾಡಿಗಳು ನಿಲ್ಲಲಿಲ್ಲ. ಅವುಗಳಿಗೆ ಸಾಮಾನು ಬೇಕಿತ್ತು, ಅದು ಇನ್ನು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ನನ್ನ ವಿಷಯ ಶುರುವಾಗುವುದು ಇಲ್ಲಿಂದ.

ಏನನ್ನು ಕೂಡಿಡಬೇಕು ಅನ್ನೋದೇ ಒಂದು ವಿದ್ಯೆ. ಪಿಸ್ಟನ್, ರಿಂಗ್, ಕಿಕ್ ಶಾಫ್ಟ್, ಗೇರ್ ಚಕ್ರ ಇವು ಲೋಹ. ಗ್ರೀಸ್ ಸವರಿ ಕಾಗದ ಸುತ್ತಿಟ್ಟರೆ ದಶಕಗಳು ಕಳೆದರೂ ಕೆಡಲ್ಲ. ಆಯಿಲ್ ಸೀಲು, ರಬ್ಬರ್ ಬುಷ್ಷು ಹಾಗಲ್ಲ. ಡಬ್ಬಿಯೊಳಗೇ ಗಟ್ಟಿಯಾಗಿ ಬಿರುಕು ಬಿಡ್ತವೆ. ಕಂಡೆನ್ಸರ್ ಬಳಸದೇ ಇಟ್ಟರೂ ಕೆಲಸ ಕೆಡಬಹುದು. ಸಿಲಿಂಡರ್ ಸವೆದಾಗ ಅದನ್ನು ಕೊರೆಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕ್ತಾರೆ. ಆದ್ದರಿಂದ ಬುದ್ಧಿವಂತ ಮೆಕ್ಯಾನಿಕ್ ಮೂಲ ಅಳತೆಯದ್ದಕ್ಕಿಂತ ದೊಡ್ಡ ಅಳತೆಯ ಪಿಸ್ಟನ್ನುಗಳನ್ನೇ ಎತ್ತಿಡುತ್ತಾನೆ. ಹಳೆಯ ಗಾಡಿ ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಿನ ಅಳತೆಗೆ ಮರಳುವುದಿಲ್ಲ ಎಂದು ಅವನಿಗೆ ಗೊತ್ತು. ಹಗೇವಿನಲ್ಲಿ ಯಾವ ಧಾನ್ಯ ಎಷ್ಟು ವರ್ಷ ತಡೆಯುತ್ತದೆ ಎಂದು ರೈತನಿಗೆ ಗೊತ್ತಿದ್ದ ಹಾಗೆಯೇ ಇದು. ಈ ಜ್ಞಾನವನ್ನು ಹೇಳುವ ಭಾಷೆಯೂ ಗಮನಿಸಬೇಕಾದದ್ದು. 'ಒರಿಜಿನಲ್', 'ಲೋಕಲ್', 'ಡೂಪ್ಲಿಕೇಟ್' ಎಂಬ ಮೂರು ಪದಗಳನ್ನು ನಮ್ಮ ಗ್ಯಾರೇಜುಗಳು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತವೆ. ಕಂಪನಿಯದ್ದು ಒರಿಜಿನಲ್. ಲೇತಿನಲ್ಲಿ ಪ್ರಾಮಾಣಿಕವಾಗಿ ಮಾಡಿಸಿದ್ದು ಲೋಕಲ್. ಕಂಪನಿಯ ಹೆಸರು ಅಂಟಿಸಿಕೊಂಡು ಬಂದದ್ದು ಡೂಪ್ಲಿಕೇಟ್. ಪಠ್ಯ ಸಂಪಾದನೆಯಲ್ಲಿ ಮೂಲ ಪಾಠ, ಪಾಠಾಂತರ, ಪ್ರಕ್ಷಿಪ್ತ ಎಂದು ನಾವು ವಿಂಗಡಿಸುವುದಕ್ಕೆ ಇದು ಬಹಳ ದೂರವಿಲ್ಲ.

ಇನ್ನೊಂದು ಮುಖ್ಯ ಪ್ರಶ್ನೆ: ಕೂಡಿಟ್ಟವರು ಯಾರು? ಮೂರು ಬಗೆಯವರನ್ನು ಕಾಣಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಯ ವ್ಯಾಪಾರಿಗೆ ಅದು ಬಂಡವಾಳ. ಹವ್ಯಾಸಿಗೆ ಅದು ಪ್ರೀತಿ. ಗಾಡಿಯಿಂದಲೇ ಹೊಟ್ಟೆ ಹೊರೆಯುವವನಿಗೆ ಅದು ಆಪದ್ಧನ. ತಮಾಷೆ ಅಂದರೆ, ಅತಿ ಹೆಚ್ಚು ಅಗತ್ಯ ಇದ್ದವನಿಗೇ ಅತಿ ಕಡಿಮೆ ಕೂಡಿಡುವ ಶಕ್ತಿ ಇರುತ್ತೆ. ಹಾಲು ಮಾರುವವನು ಎರಡು ಕ್ಲಚ್ ಪ್ಲೇಟ್ ಸೆಟ್ ಒಟ್ಟಿಗೆ ಕೊಳ್ಳಲಾರ. ಯೆಜ್ಡಿಗೆ 'ವಿಂಟೇಜ್' ಎಂಬ ಪಟ್ಟ ಬಂದ ಮೇಲೆ ಬಿಡಿಭಾಗದ ಬೆಲೆ ಏರಿತು. ದುಡಿಯುವ ಗಾಡಿ ಸಾಮಾನಿಲ್ಲದೆ ಗುಜರಿಗೆ ಹೋಯಿತು, ಅದನ್ನು ಬಿಚ್ಚಿದ ಭಾಗಗಳು ಭಾನುವಾರದ ಗಾಡಿಗಳಿಗೆ ಬಂದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು ನಿಜ. ಆದರೆ ಹೊಸದು ಫೋರ್-ಸ್ಟ್ರೋಕ್ ಎಂಜಿನ್. ಹಳೆಯ ಟೂ-ಸ್ಟ್ರೋಕ್‌ಗೆ ಅದರ ಪಿಸ್ಟನ್ ಕೂರಲ್ಲ.

ಹೊರಗಿನ ಒಂದು ಉದಾಹರಣೆ ಕೊಡ್ತೀನಿ. 1962ರಲ್ಲಿ ಅಮೆರಿಕ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಅಲ್ಲಿದ್ದ ಹಾರ್ಲೆ ಡೇವಿಡ್‌ಸನ್ ಗಾಡಿಗಳಿಗೆ ಬಿಡಿಭಾಗ ಬರುವುದು ನಿಂತಿತು. ಆದರೂ ಹಾರ್ಲಿಸ್ತಾಗಳೆಂದು ಕರೆಸಿಕೊಳ್ಳುವ ಸವಾರರು ಅವುಗಳನ್ನು ದಶಕಗಟ್ಟಲೆ ಓಡಿಸಿದರು. ಇದ್ದ ದಾಸ್ತಾನು ಮುಗಿದ ಮೇಲೆ ಬೇರೆ ವಾಹನಗಳ ಭಾಗ ಹೊಂದಿಸಿದರು, ಕೈಯಲ್ಲೇ ಮಾಡಿಕೊಂಡರು. ಇದರಿಂದ ತಿಳಿಯುವುದು ಇಷ್ಟು: ದಾಸ್ತಾನು ಕೆಲವು ವರ್ಷ ಕಾಪಾಡುತ್ತದೆ, ಅದಕ್ಕಿಂತ ಮುಂದೆ ಕಾಪಾಡುವುದು ಕೈಕಸುಬು.

ದಾಸ್ತಾನಿಗೆ ಅಪಾಯವೂ ಇದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದಕ್ಕೆ ಮೊದಲು ದೇಶದ ಅನೇಕ ವ್ಯಾಪಾರಿಗಳು ಕೂಡಿಡುವ ಬದಲು ಇದ್ದದ್ದನ್ನೇ ಖಾಲಿ ಮಾಡಿಕೊಂಡರು. ಹಳೆಯ ತೆರಿಗೆ ಕಟ್ಟಿದ ಮಾಲು ಕೈಯಲ್ಲಿ ಉಳಿದರೆ ನಷ್ಟ ಎಂಬ ಭಯ ಅವರದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅದಿರಿನ ಲಾರಿಗಳು ಸಾಲಾಗಿ ನಿಂತವು. ಗಾಡಿಯೇ ಓಡದಿದ್ದರೆ ಸಾಮಾನಿಟ್ಟು ಏನು ಮಾಡೋದು? 2020ರ ಮಾರ್ಚ್ 25ರ ಲಾಕ್‌ಡೌನ್ ಇದಕ್ಕೆ ತದ್ವಿರುದ್ಧ. ರಾಜ್ಯಗಳ ಗಡಿ ಮುಚ್ಚಿತು, ಯಾರಿಗೂ ಸಿದ್ಧತೆಗೆ ಸಮಯವೇ ಇರಲಿಲ್ಲ. ಮುನ್ಸೂಚನೆ ಇದ್ದಾಗ ಕೂಡಿಟ್ಟದ್ದು ವ್ಯರ್ಥವಾಗಬಹುದು, ಮುನ್ಸೂಚನೆ ಇಲ್ಲದಾಗ ಕೂಡಿಡಲು ಆಗೋದೇ ಇಲ್ಲ.

2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಲೋಹಗಳ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ವಿದ್ಯುತ್ ದ್ವಿಚಕ್ರ ವಾಹನ ತಯಾರಕರಿಗೆ ಅದರ ಬಿಸಿ ತಟ್ಟಿತು. 1950ರ ದಶಕದ ಆಮದು ಪರವಾನಗಿಯ ಕಥೆಯೇ ತಿರುಗಿ ಬಂದ ಹಾಗಿದೆ. ಒಂದು ವ್ಯತ್ಯಾಸವಿದೆ. ಯೆಜ್ಡಿಯ ಬುಷ್ಷನ್ನು ಬಳ್ಳಾರಿಯ ಲೇತಿನಲ್ಲಿ ತಿರುಗಿಸಬಹುದಿತ್ತು. ಇವತ್ತಿನ ಗಾಡಿಯ ಕಂಟ್ರೋಲ್ ಯೂನಿಟ್ಟನ್ನು ಹಾಗೆ ಮಾಡಿಕೊಳ್ಳಲು ಆಗಲ್ಲ. ಅಂದರೆ ದಾಸ್ತಾನು ಮುಗಿದ ಮೇಲಿನ ದಾರಿ ನಮ್ಮ ಪೀಳಿಗೆಗೆ ಮುಚ್ಚುತ್ತಿದೆ.

ಪ್ರಬಂಧ ಇಲ್ಲಿಗೆ ಮುಗಿಯಿತು. ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: 'ಹಾಗಾದರೆ ಬಿಡಿಭಾಗ ಕೂಡಿಡುವುದನ್ನು ಕಾಳಸಂತೆ ಅನ್ನಬೇಕೋ, ಸಂರಕ್ಷಣೆ ಅನ್ನಬೇಕೋ?' ಒಳ್ಳೆಯ ಪ್ರಶ್ನೆ. ಲಕ್ಕಮ್ಮ ಅಕ್ಕಿ ತರುವುದನ್ನೇ ಬೇಡ ಅನ್ನಲಿಲ್ಲ. ಅವಳ ತಕರಾರು ಇದ್ದದ್ದು ಅಳತೆ ಮೀರಿದ್ದಕ್ಕೆ. ಆ ಅಳತೆಯನ್ನು ಇಲ್ಲಿಗೆ ಹೀಗೆ ತರಬಹುದು ಅಂತ ನನಗೆ ಅನ್ನಿಸುತ್ತೆ: ಎತ್ತಿಟ್ಟ ಭಾಗ ಕೊನೆಗೆ ಓಡುವ ಗಾಡಿಗೆ ಸೇರಿತೇ, ಇಲ್ಲ ಬೆಲೆ ಏರಲಿ ಅಂತ ಕಾಯುತ್ತಾ ಕೂತಿತೇ? ಮೊದಲನೆಯದು ಹಗೇವು, ಎರಡನೆಯದು ಕಾಳಸಂತೆ. ಇನ್ನು ನಮ್ಮಂಥ ವಿದ್ಯಾರ್ಥಿಗಳು ಕೂಡಿಡಬಹುದಾದದ್ದು ಒಂದಿದೆ. ಯಾವ ಭಾಗಕ್ಕೆ ಯಾವುದು ಹೊಂದುತ್ತದೆ, ಯಾವ ಸದ್ದಿಗೆ ಏನು ಕಾರಣ ಅಂತ ಬಲ್ಲ ಹಿರಿಯ ಮೆಕ್ಯಾನಿಕ್‌ಗಳ ಮಾತು. ತೆಲುಗು, ಉರ್ದು ಬೆರೆತ ಆ ಗಡಿನಾಡ ಕನ್ನಡವನ್ನು ದಾಖಲಿಸಿಕೊಳ್ಳೋಣ. ಅದನ್ನು ಎಷ್ಟು ಕೂಡಿಟ್ಟರೂ ಇನ್ನೊಬ್ಬರ ಪಾಲು ಕಡಿಮೆ ಆಗಲ್ಲ.